ತೊಳೆದಿಟ್ಟ ತಟ್ಟೆ

ಗಂಡ ಎಮ್ಲಿನ್‌ನ ಕಫದ ಬಟ್ಟಲನ್ನು ಬಿಸಿನೀರಿನಲ್ಲಿ ತೊಳೆದು ಮಂಚದ ಪಕ್ಕ ಇಡಬೇಕು. ಉಸಿರಿನ ಯಂತ್ರದ ಡಬ್ಬಿಗೆ ಕಾಯಿಸಿ ಆರಿಸಿದ ನೀರು ತುಂಬಬೇಕು. ಬೆಳಗಿನ ನಾಲ್ಕು ಮಾತ್ರೆ ತೆಗೆದು ಇನ್ನೊಂದು ಪುಟ್ಟ ಬಟ್ಟಲಿಗೆ ಹಾಕಬೇಕು. ಮಾತ್ರೆ ಡಬ್ಬಿಯ ಮುಚ್ಚಳ ತೆಗೆಯಲು ಅವನಿಗೆ ಬರುತ್ತದೆ, ಆದರೆ ತೆಗೆಯುವುದಿಲ್ಲ. ರಾತ್ರಿ ಅವನು ಬೆವರಿ ತೋಯಿಸಿದ ಅಂಗಿಯನ್ನೂ ದಿಂಬಿನ ಚೀಲವನ್ನೂ ಒಗೆಯುವ ಯಂತ್ರಕ್ಕೆ ಹಾಕಬೇಕು. ಅದು ತಿರುಗಿ ಮುಗಿಯುವಷ್ಟರಲ್ಲಿ ಓಟ್ಸ್ ಗಂಜಿ ಕಾಯಿಸಿ ಮುಚ್ಚಿಡಬೇಕು. ಎಂಟು ಕಿಲೋ ಆಲೂಗಡ್ಡೆಯ ಸಿಪ್ಪೆ ತೆಗೆದು ತಣ್ಣೀರಿನಲ್ಲಿ ಮುಳುಗಿಸಬೇಕು. ನಾಲ್ಕು ಕೋಸು ಹೆಚ್ಚಬೇಕು. ಹಿಂದಿನ ಊಟದ ಇಪ್ಪತ್ತೆರಡು ತಟ್ಟೆಗಳನ್ನು ಕುದಿಯುವ ನೀರಿನಲ್ಲಿ ಇನ್ನೊಮ್ಮೆ ತೊಳೆದು, ಒರೆಸಿ, ಕ್ರೇಟಿಗೆ ಜೋಡಿಸಬೇಕು.

ಇದರ ನಡುವೆ ಮಹಡಿಗೆ ಮೂರು ಸಲ ಹತ್ತಿಳಿಯಬೇಕು. ಹತ್ತುವಾಗ ಏಳನೆಯ ಮೆಟ್ಟಿಲಲ್ಲಿ ಒಮ್ಮೆ, ಮೇಲಿನ ತುದಿಯಲ್ಲಿ ಒಮ್ಮೆ ನಿಂತು, ಎದೆಯ ಮೇಲೆ ಕೈಯಿಟ್ಟು, ಉಸಿರು ಮರಳುವ ತನಕ ಕಾಯಬೇಕು. ಇದನ್ನು ನೆಸ್ಟಾ ಪ್ರಾಸರ್ ಕೆಲಸದ ಲೆಕ್ಕಕ್ಕೆ ಹಿಡಿದಿರಲಿಲ್ಲ. ಯಾರಿಗೂ ಹೇಳಿಯೂ ಇರಲಿಲ್ಲ.

ವೇಲ್ಸ್ ದೇಶದ ಆ ಕಣಿವೆಯಲ್ಲಿ, ಕೂಮ್ ಐಥಿನ್ ಎಂಬ ಗಣಿಯೂರಿನಲ್ಲಿ, ಗಣಿ ಮುಚ್ಚಿ ಮೂವತ್ತು ವರ್ಷದ ಮೇಲಾಗಿತ್ತು. ಗುಡ್ಡದ ಮೈಗೆ ಅಂಟಿಕೊಂಡ ಸಾಲುಮನೆಗಳ ಬೀದಿಯ ಕೆಳತುದಿಯಲ್ಲಿ ನೆಸ್ಟಾ ಹುಟ್ಟಿದಳು, ಮದುವೆಯಾಗಿ ಮೇಲ್ತುದಿಗೆ ಬಂದಳು. ಎಪ್ಪತ್ತೊಂದು ವರ್ಷದ ಬಾಳಿನಲ್ಲಿ ಅವಳು ಕ್ರಮಿಸಿದ ದೂರ ನಲವತ್ತು ಬಾಗಿಲು.

ಹತ್ತನೆಯ ವಯಸ್ಸಿಗೇ ಅವಳು ಪೆಟ್ಟಿಗೆಯ ಮೇಲೆ ನಿಂತು ಆರು ಜನರ ತಟ್ಟೆ ತೊಳೆಯುತ್ತಿದ್ದಳು. ಮೂವರು ಅಣ್ಣಂದಿರು ಮೇಜಿನ ಮುಂದೆಯೇ ಕಾಲು ಚಾಚಿ ಕೂತಿರುತ್ತಿದ್ದರು. ಅವರ ಕೈ ಗಣಿಗೆ ಬೇಕಾದ ಕೈ, ನೀರಲ್ಲಿ ನೆನೆಯಬಾರದು. ಅಮ್ಮ ಕಲಿಸಿದ್ದು ಒಂದೇ ಪಾಠ: ಪಕ್ಕದ ಮನೆಯಿಂದ ಬಂದ ತಟ್ಟೆ ಬಂದದ್ದಕ್ಕಿಂತ ಚೊಕ್ಕಟವಾಗಿ ವಾಪಸಾಗಬೇಕು. ಎಂಜಲು ತಟ್ಟೆ ಹಿಂದಕ್ಕೆ ಕಳಿಸಿದ ಹೆಂಗಸಿನ ಹೆಸರು ಬೀದಿಯಲ್ಲಿ ಮೂರು ತಲೆಮಾರು ಉಳಿಯುತ್ತದೆ.

ಆ ಪಾಠವನ್ನು ಕಲಿತವಳು ನೆಸ್ಟಾ ಒಬ್ಬಳೇ ಅಲ್ಲ. ಅವಳ ಜೊತೆ ಶಾಲೆಗೆ ಹೋದ ಕೈನ್ವೆನ್ ಕೂಡ ಕಲಿತಿದ್ದಳು. ಇಬ್ಬರೂ ಹದಿನಾರಕ್ಕೆ ರಾತ್ರಿಯುಡುಪು ಹೊಲಿಯುವ ಕಾರ್ಖಾನೆ ಸೇರಿ, ಪಕ್ಕಪಕ್ಕದ ಯಂತ್ರಗಳಲ್ಲಿ ಇಪ್ಪತ್ತಾರು ವರ್ಷ ಕೂತರು. ನೆಸ್ಟಾ ತೋಳು ಜೋಡಿಸಿದರೆ ಕೈನ್ವೆನ್ ಕೊರಳಪಟ್ಟಿ. ಗಣಿಯವರು ಮುಷ್ಕರ ಹೂಡಿದ ವರ್ಷ ಇಬ್ಬರೂ ಕಾರ್ಮಿಕರ ಭವನದಲ್ಲಿ ದಿನಕ್ಕೆ ನಾನೂರು ಜನಕ್ಕೆ ಬೇಯಿಸಿ ಹಾಕಿದರು. ಗಂಡಸರು ಭಾಷಣ ಮಾಡಿದರು. ಆ ಭಾಷಣಗಳು ಈಗ ವಸ್ತುಸಂಗ್ರಹಾಲಯದಲ್ಲಿವೆ. ಅಲ್ಲಿ ಬಡಿಸಿದ ಹಸಿರು ಅಂಚಿನ ದಪ್ಪ ತಟ್ಟೆಗಳು ಮಾತ್ರ ಭವನ ಮುಚ್ಚಿದಾಗ ನೆಸ್ಟಾಳ ಹಿತ್ತಲಿಗೆ ಬಂದು ಬಿದ್ದವು.

ಆರು ವರ್ಷದ ಹಿಂದೆ ಅವಕ್ಕೆ ಮತ್ತೆ ಕೆಲಸ ಬಂತು. ಊರಿನ ಮುದುಕರು ಸರಿಯಾಗಿ ಉಣ್ಣುತ್ತಿಲ್ಲ, ಒಂಟಿಯಾಗಿದ್ದಾರೆ, ಬಿದ್ದರೆ ನೋಡುವವರಿಲ್ಲ ಎಂದು ಎಲ್ಲರೂ ಸೇರಿ ಒಂದು ಆರೋಗ್ಯ ಕೂಟ ಕಟ್ಟಿದರು. ರಗ್ಬಿ ಕ್ಲಬ್ಬು ವ್ಯಾನು ಕೊಟ್ಟಿತು. ಊರಿನ ಪ್ರಾರ್ಥನಾ ಮಂದಿರವಾದ ಚಾಪೆಲಿನವರು ಅದರ ಹಿಂದಿನ ಸಭೆಯ ಹಾಲನ್ನೂ ಅಡುಗೆಮನೆಯನ್ನೂ ಕೊಟ್ಟರು. ಔಷಧಿ ಅಂಗಡಿಯವರು ಗೋಡೆಯಲ್ಲಿ ಜಾಗ ಕೊಟ್ಟರು. ಆರೋಗ್ಯ ಇಲಾಖೆ ಫಾರಂ ಕೊಟ್ಟಿತು, ಫಾರಂ ನೋಡಿಕೊಳ್ಳಲು ಲೌರಿ ಎಂಬ ಹುಡುಗಿಯನ್ನು ಕೊಟ್ಟಿತು. ಇದೆಲ್ಲದಕ್ಕೂ ಸಹಭಾಗಿತ್ವ ಎಂದು ಹೆಸರು. ಆಲೂಗಡ್ಡೆ ಸುಲಿದವರನ್ನು ಸ್ವಯಂಸೇವಕರು ಎಂದರು. ಸ್ವಯಂಸೇವಕರು ಒಂಬತ್ತು ಮಂದಿ. ವ್ಯಾನು ಓಡಿಸುವವನೊಬ್ಬನನ್ನು ಬಿಟ್ಟರೆ ಎಲ್ಲ ಹೆಂಗಸರೇ. ನೆಸ್ಟಾ ಬೇಯಿಸಿದಳು, ಕೈನ್ವೆನ್ ಪಾತ್ರೆಗೆ ನಿಂತಳು.

ನಡೆದು ಬರಲಾಗುವವರು ಶುಕ್ರವಾರ ಹಾಲಿಗೇ ಬಂದು ಉಣ್ಣುತ್ತಿದ್ದರು. ಬರಲಾಗದ ಇಪ್ಪತ್ತೆರಡು ಮನೆಗೆ ಮಂಗಳವಾರ, ಶುಕ್ರವಾರ ತಟ್ಟೆ ಹೋಗುತ್ತಿತ್ತು. ಮೊದಮೊದಲು ನೆಸ್ಟಾ ಒಳಗೆ ಹೋಗಿ, ಮೇಜಿನ ಮೇಲೆ ಊಟ ಇಟ್ಟು, ಎರಡು ಮಾತಾಡಿ ಬರುತ್ತಿದ್ದಳು. ಆಮೇಲೆ ಆ ಮಾರಿಯ ವರ್ಷ ಬಂತು. ಯಾರೂ ಯಾರ ಮನೆಯನ್ನೂ ಹೊಗಬಾರದು. ಅಲ್ಲಿ ಪ್ರತಿ ಮನೆಯ ಹಿಂಬಾಗಿಲ ಪಕ್ಕ ಕಲ್ಲಿದ್ದಲು ತುಂಬುವ ಸಿಮೆಂಟಿನ ಪೆಟ್ಟಿಗೆಯೊಂದು ಇರುತ್ತದೆ. ಕಲ್ಲಿದ್ದಲು ಹೋಗಿ ಯಾವುದೋ ಕಾಲವಾಗಿತ್ತು. ನೆಸ್ಟಾ ಅದರ ಚಪ್ಪಟೆ ತಲೆಯ ಮೇಲೆ, ಫಾಯಿಲ್ ಹಾಳೆ ಮುಚ್ಚಿ ಬಟ್ಟೆ ಸುತ್ತಿದ ಊಟ ಇಟ್ಟು, ಬಾಗಿಲು ಎರಡು ಸಲ ತಟ್ಟಿ, ಅಲ್ಲೇ ಕಾಯುತ್ತಿದ್ದ ಹಿಂದಿನ ತಟ್ಟೆ ಎತ್ತಿಕೊಂಡು ಮುಂದಿನ ಮನೆಗೆ ನಡೆಯುತ್ತಿದ್ದಳು. ಮಾರಿ ಹೋಯಿತು. ಪದ್ಧತಿ ಉಳಿಯಿತು. ಹೀಗಾದರೆ ಇಪ್ಪತ್ತೆರಡು ಮನೆಯೂ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು. ಎಮ್ಲಿನ್‌ನ ಹನ್ನೆರಡೂವರೆಯ ಊಟಕ್ಕೆ ಅವಳು ಮನೆ ಸೇರಬಹುದಿತ್ತು.

ಒಳಗೆ ಹೋಗದಿದ್ದರೆ ಅವರು ಹೇಗಿದ್ದಾರೆಂದು ಗೊತ್ತಾಗುವುದು ಹೇಗೆ ಎಂದು ಲೌರಿ ಕೇಳಿದಾಗ ನೆಸ್ಟಾಳೇ ಉಪಾಯ ಹೇಳಿದ್ದಳು.

"ತಟ್ಟೆ ಹೇಳತ್ತಲ್ಲಮ್ಮ. ಊಟ ಸೇರದೋನ ತಟ್ಟೇಲಿ ಮಿಕ್ಕಿರತ್ತೆ. ಎರಡು ಸಲ ಸಾಲಾಗಿ ಮಿಕ್ಕಿದ್ರೆ ನರ್ಸಮ್ಮಂಗೆ ಹೇಳೋದು. ಖಾಲಿ ಇದ್ರೆ ಕ್ಷೇಮ."

ಲೌರಿಗೆ ಅದು ಬಹಳ ಹಿಡಿಸಿತು. ಫಾರಮ್ಮಿನಲ್ಲಿ ಗುರುತು ಹಾಕಲು ಎರಡು ಚೌಕ ಮನೆ ಬಂದವು: ಖಾಲಿ, ಮಿಕ್ಕಿದೆ. ಔಷಧಿ ಅಂಗಡಿಯ ಗೋಡೆಗೆ ಚಿತ್ರವೊಂದು ಬಂತು: ಹಸಿರು ಅಂಚಿನ ಫಳಫಳ ತಟ್ಟೆ, ಕೆಳಗೆ 'ಖಾಲಿ ತಟ್ಟೆ, ಕ್ಷೇಮದ ಮನೆ.'

ಉಪಾಯ ಫಲ ಕೊಟ್ಟಿತು, ಅದನ್ನು ಅಲ್ಲಗಳೆಯುವಂತಿಲ್ಲ. ಕೆಳಬೀದಿಯ ಹೇಡನ್ ಒಂದು ಮಂಗಳವಾರ ಮೂರರಲ್ಲಿ ಎರಡು ಆಲೂಗಡ್ಡೆ ಬಿಟ್ಟ, ಶುಕ್ರವಾರ ಮಾಂಸವನ್ನೂ ಬಿಟ್ಟ.

"ಏನೋ ಇದು ಹೇಡನ್? ನನ್ನ ಅಡುಗೆ ರುಚಿಸ್ಲಿಲ್ವಾ?"

"ಆ ಕೋಸನ್ನ ಬೇಯಿಸಿದ್ಯೋ ಶಿಕ್ಷೆ ಕೊಟ್ಟಿದ್ಯೋ ಅಂತ ಯೋಚಿಸ್ತಾ ಕೂತೆ ನೋಡು, ಅಷ್ಟರಲ್ಲಿ ಹಸಿವೇ ಸತ್ತೋಯ್ತು."

ನೆಸ್ಟಾ ನಗಲಿಲ್ಲ, ನರ್ಸ್‌ಗೆ ಹೇಳಿದಳು. ಸಕ್ಕರೆ ಕಾಯಿಲೆ ಕಾಲಿಗಿಳಿದಿತ್ತು. ಇನ್ನು ಹದಿನೈದು ದಿನ ತಡವಾಗಿದ್ದರೆ ಕಾಲು ಹೋಗುತ್ತಿತ್ತು. ಹೇಡನ್ ಕ್ಲಬ್ಬಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ: "ಚಹಾದ ಚರಟ ನೋಡಿ ಭವಿಷ್ಯ ಹೇಳೋರನ್ನ ಕಂಡಿದ್ದೆ. ಎಂಜಲು ನೋಡಿ ಹೇಳೋಳು ಇವಳೊಬ್ಬಳೇ."

ಆ ಮಾತನ್ನು ನೆಸ್ಟಾ ಬಹಳ ದಿನ ಎದೆಯಲ್ಲಿ ಬೆಚ್ಚಗಿಟ್ಟುಕೊಂಡಿದ್ದಳು. ಅರವತ್ತು ವರ್ಷ ಎಂಜಲು ತೊಳೆದವಳಿಗೆ ಎಂಜಲಿನಿಂದ ಬಂದ ಮೊದಲ ಮರ್ಯಾದೆ ಅದು.

ಕೂಟಕ್ಕೆ ಐದು ವರ್ಷವಾದ ಚಳಿಗಾಲದಲ್ಲಿ ಕೈನ್ವೆನ್‌ಳ ಸೊಂಟ ಕೈಕೊಟ್ಟಿತು. ಸಿಂಕಿನ ಮುಂದೆ ನಿಲ್ಲಲಾಗದೆ, ತೊಳೆಯುವವರ ಸಾಲಿನಿಂದ ಉಣ್ಣುವವರ ಪಟ್ಟಿಗೆ ಬಂದಳು. ಗಂಡ ಎಂದೋ ಸತ್ತಿದ್ದ, ಮಕ್ಕಳಿರಲಿಲ್ಲ. ಮೊದಲ ತಟ್ಟೆ ಇಟ್ಟ ದಿನ ಅವಳು ಹಿಂಬಾಗಿಲಿಗೆ ಬಂದು ಕೋಲೂರಿ ನಿಂತಳು.

"ನಿಂಗೆ ನಾಚಿಕೆ ಆಗಲ್ವೇನೇ? ನಿನ್ನ ಗ್ರೇವಿಗೆ ಉಪ್ಪು ಸಾಲ್ದು ಅಂತ ಐದು ವರ್ಷದಿಂದ ಬಡ್ಕೋತಿದೀನಿ. ಈಗ ನಾನೇ ಅದನ್ನ ತಿನ್ನಬೇಕಾ?"

"ತಿನ್ನು. ಚಾಪೆಲಿಗೆ ತಪ್ಪಿಸ್ಕೊಂಡಿದ್ದಕ್ಕೆ ದೇವರು ಕೊಟ್ಟ ಶಿಕ್ಷೆ ಅಂದ್ಕೋ."

"ಒಳಗ್ ಬಾರೇ, ನೀರು ಕಾದಿದೆ. ಒಂದು ಕಪ್ ಚಹಾ ಕುಡ್ಕೊಂಡು ಹೋಗು."

"ಇನ್ನೂ ಹನ್ನೊಂದು ತಟ್ಟೆ ಇದೆ ಕಣೇ, ಆರಿಹೋಗತ್ತೆ. ಗುರುವಾರ ಬರ್ತೀನಿ."

ಗುರುವಾರ ಎಮ್ಲಿನ್‌ನನ್ನು ಮೀಯಿಸುವ ದಿನ. ಅವನನ್ನು ಎಬ್ಬಿಸಿ, ಕೂರಿಸಿ, ನಡುವೆ ನಾಲ್ಕು ಸಲ ಉಸಿರಿಗೆ ನಿಲ್ಲಿಸಿ, ಒರೆಸಿ, ಮತ್ತೆ ಮಲಗಿಸುವಷ್ಟರಲ್ಲಿ ಮಧ್ಯಾಹ್ನ ದಾಟುತ್ತಿತ್ತು. ಆಮೇಲೆ ಶುಕ್ರವಾರದ ಮಾಂಸ ತರಬೇಕು. ಎಮ್ಲಿನ್ ಕೆಟ್ಟವನಲ್ಲ, ಗಣಿಯ ಧೂಳು ಶ್ವಾಸಕೋಶವನ್ನು ತಿಂದಿತ್ತು. ಆದರೆ ತಟ್ಟೆ ಮೇಜಿನಿಂದ ಸಿಂಕಿಗೆ ತಾನೇ ನಡೆದು ಹೋಗುತ್ತದೆಂದು ಅವನು ನಂಬಿದ್ದು ಧೂಳು ತಿನ್ನುವುದಕ್ಕಿಂತ ಬಹಳ ಮುಂಚೆ.

ಪ್ರತಿ ಮಂಗಳವಾರ, ಶುಕ್ರವಾರ ಕೈನ್ವೆನ್‌ಳ ಪೆಟ್ಟಿಗೆಯ ಮೇಲೆ ಹಿಂದಿನ ತಟ್ಟೆ ಕಾದಿರುತ್ತಿತ್ತು. ತೊಳೆದು, ಒರೆಸಿ, ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೇಲಿಟ್ಟಿರುತ್ತಿದ್ದಳು. ಬಟ್ಟೆಗೆ ಇಸ್ತ್ರಿ ಕೂಡ ಆಗಿರುತ್ತಿತ್ತು. ನೆಸ್ಟಾ ಫಾರಮ್ಮಿನ ಖಾಲಿ ಎಂಬ ಮನೆಯಲ್ಲಿ ಗುರುತು ಹಾಕುತ್ತಿದ್ದಳು. ಒಳಗಿನಿಂದ "ಬಾರೇ" ಎಂದು ಕೂಗುವುದು, ಹೊರಗಿನಿಂದ "ಗುರುವಾರ" ಎನ್ನುವುದು. ಅದೇ ಅವರಿಬ್ಬರ ಮಾತುಕತೆಯಾಯಿತು.

ಏಪ್ರಿಲ್‌ನಲ್ಲಿ ಒಮ್ಮೆ ಕೈನ್ವೆನ್ ಕಿಟಕಿಯಲ್ಲಿ ಕಂಡಳು. ಸ್ವೆಟರು ಹೆಗಲಿನಿಂದ ಹ್ಯಾಂಗರಿಗೆ ನೇತುಹಾಕಿದಂತೆ ಇಳಿಬಿದ್ದಿತ್ತು.

"ಸಣ್ಣ ಆಗಿದೀಯಲ್ಲೇ!"

"ಡಾಕ್ಟ್ರೇ ಹೇಳಿದ್ದು, ಸೊಂಟದ ಮೇಲೆ ಭಾರ ಕಮ್ಮಿ ಆಗ್ಲಿ ಅಂತ. ಹೊಟ್ಟೆಕಿಚ್ಚಾ?"

ನೆಸ್ಟಾ ಕೈಯಲ್ಲಿದ್ದ ತಟ್ಟೆ ನೋಡಿದಳು. ಅದರಲ್ಲಿ ಅವಳ ಮುಖ ಕಾಣುವಷ್ಟು ಹೊಳಪಿತ್ತು. ತನ್ನ ಕಣ್ಣಿಗಿಂತ ತಟ್ಟೆಯನ್ನು ನಂಬಿ ಅವಳು ಮುಂದಿನ ಮನೆಗೆ ನಡೆದಳು.

ಮೇ ತಿಂಗಳ ಎರಡನೆಯ ಮಂಗಳವಾರ ಬೆಳಿಗ್ಗೆ ಹಿತ್ತಲ ಗಲ್ಲಿಗೆ ಬಂದ ಕಸದ ಗಾಡಿಯವರು ಕೈನ್ವೆನ್‌ಳನ್ನು ಕಂಡರು. ಪೆಟ್ಟಿಗೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಿದ್ದಳು, ಏಳಲಾಗಿರಲಿಲ್ಲ. ತೊಡೆಯ ಮೇಲೆ ತೊಳೆದ ತಟ್ಟೆ. ಬಿದ್ದವಳು ತಟ್ಟೆ ಬೀಳಗೊಟ್ಟಿರಲಿಲ್ಲ.

ಆಸ್ಪತ್ರೆಗೆ ಎರಡು ರಾತ್ರಿಯುಡುಪು ಬೇಕೆಂದರು. ನೆಸ್ಟಾ ಕೈನ್ವೆನ್‌ಳ ಮನೆಯ ಒಳಗೆ ಕಾಲಿಟ್ಟದ್ದು ಐದು ತಿಂಗಳಲ್ಲಿ ಅದೇ ಮೊದಲು. ಎಲ್ಲ ಒಪ್ಪವಾಗಿತ್ತು. ಉಡುಪು ತೆಗೆದುಕೊಂಡು, ಹಾಲು ಕೆಟ್ಟಿದ್ದರೆ ಚೆಲ್ಲೋಣವೆಂದು ಫ್ರಿಜ್ ತೆಗೆದಳು. ಕೆಳಗಿನ ಫ್ರೀಜರಿನ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗಿನದ್ದು ತುಂಬಿ ದೂಡುತ್ತಿತ್ತು. ಎಳೆದಳು.

ಐಸ್‌ಕ್ರೀಮಿನ ಹಳೆಯ ಡಬ್ಬಿಗಳು. ಒಂದರ ಮೇಲೊಂದು, ಇಟ್ಟಿಗೆ ಕಟ್ಟಿದಂತೆ. ಪ್ರತಿಯೊಂದರ ಮೇಲೂ ಬಿಳಿ ಪಟ್ಟಿ ಅಂಟಿಸಿ, ಶಾಲೆಯಲ್ಲಿ ಬಹುಮಾನ ಪಡೆದ ಆ ದುಂಡು ಅಕ್ಷರದಲ್ಲಿ ಬರೆದಿತ್ತು: ಕುರಿಮಾಂಸ, ಕೋಸು, ಮಾರ್ಚ್ ಮೂರು. ಮೀನಿನ ಕಡುಬು, ಮಾರ್ಚ್ ಆರು. ದನದ ಮಾಂಸ, ಬಟಾಣಿ, ಗ್ರೇವಿ (ಉಪ್ಪು ಕಮ್ಮಿ), ಮಾರ್ಚ್ ಹತ್ತು. ಮೊದಮೊದಲ ಡಬ್ಬಿಗಳಲ್ಲಿ ಅರ್ಧ ಊಟ. ಏಪ್ರಿಲ್ ಹೊತ್ತಿಗೆ ಇಡೀ ಊಟ. ಊಟ ಚೆಲ್ಲುವುದು ಮುಷ್ಕರದ ವರ್ಷ ಕಂಡ ಹೆಂಗಸಿನ ಕೈಲಿ ಆಗುವ ಕೆಲಸವಲ್ಲ.

ನೆಸ್ಟಾ ಅಡುಗೆಮನೆಯ ನೆಲದ ಮೇಲೆ ಕೂತಳು. ಫ್ರೀಜರಿನ ತಣ್ಣನೆಯ ಹೊಗೆ ಮೊಣಕಾಲಿಗೆ ತಾಗುತ್ತಿತ್ತು. ಒಂದೊಂದೇ ಡಬ್ಬಿ ತೆಗೆದು ಓದಿ, ಮತ್ತೆ ಅದೇ ಜಾಗದಲ್ಲಿ ಇಟ್ಟಳು.

ಅನ್ನನಾಳದಲ್ಲಿ ಗಡ್ಡೆ ಎಂದರು. ಚಳಿಗಾಲದ ಕೊನೆಯಲ್ಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದೂ ಹೇಳಿದರು. ಆ ಮಾತನ್ನು ಹೇಳಿದ ಡಾಕ್ಟರು ಚಿಕ್ಕವಳು. ಹೇಳುವಾಗ ನೆಸ್ಟಾಳ ಮುಖ ನೋಡಲಿಲ್ಲ.

ಕೈನ್ವೆನ್ ದಿಂಬಿಗೆ ಒರಗಿ ಕಿಟಕಿಯಾಚೆ ನೋಡುತ್ತಿದ್ದಳು. ಅವಳ ಗಂಟಲಿನಿಂದ ಈಗ ಪಿಸುಮಾತು ಮಾತ್ರ ಬರುತ್ತಿತ್ತು.

"ಫ್ರೀಜರ್ ನೋಡಿದ್ಯಾ?"

"ನೋಡ್ದೆ."

"ಹೇಡನ್‌ಗೆ ಕೊಡು. ಚೆಲ್ಲಬೇಡ."

"ಯಾಕೇ ಹೇಳ್ಲಿಲ್ಲ? ಇಳೀತಿಲ್ಲ ಅಂತ ಒಂದು ಮಾತು ಯಾಕೆ ಹೇಳ್ಲಿಲ್ಲ?"

ಕೈನ್ವೆನ್ ಕಿಟಕಿಯಿಂದ ಮುಖ ಇತ್ತ ತಿರುಗಿಸಿದಳು. "ಬಾಗ್ಲಲ್ಲಿ ನಿಂತು ಕೂಗಿ ಹೇಳೋ ಮಾತಾ ಅದು? ಒಳಗ್ ಬಂದಾಗ ಹೇಳೋಣ ಅಂದ್ಕೊಂಡಿದ್ದೆ."

"ಆ ತಟ್ಟೇನಾದ್ರೂ ಹಾಗೇ ಬಿಟ್ಟಿದ್ರೆ... ಮಿಕ್ಕಿದ್ದು ನೋಡಿದ್ರೆ ನಂಗೆ ಗೊತ್ತಾಗ್ತಿತ್ತಲ್ಲೇ."

"ಎಂಜಲು ತಟ್ಟೆ ಬಿಡೋಕೆ ನಾನೇನು ಹೇಡನ್ನಾ?" ಅವಳು ನಗಲು ಹೋಗಿ ಕೆಮ್ಮಿದಳು. ನೆಸ್ಟಾ ತುಟಿ ಒರೆಸಿದಳು. "ಅಷ್ಟೇ ಅಲ್ಲ ಕಣೇ. ನೀನು ಮನೇಲಿ ಎಮ್ಲಿನ್ ನೋಡ್ಕೋಬೇಕು, ಅಷ್ಟೊಂದು ತಟ್ಟೆ ತೊಳೀಬೇಕು. ಐದು ವರ್ಷ ನಿನ್ನ ಪಕ್ಕ ನಿಂತು ತೊಳೆದೋಳು ನಾನು. ನಂದೊಂದಾದ್ರೂ ನಿನ್ನ ಕೈಗೆ ಬೀಳದೆ ಇರ್ಲಿ ಅಂತ."

ನೆಸ್ಟಾ ಅವಳ ಕೈ ಹಿಡಿದು ಕೂತಳು. ಚಾಪೆಲಿನ ನೀರೊಲೆ ಆ ಚಳಿಗಾಲದಲ್ಲಿ, ಕೈನ್ವೆನ್ ಬಿಟ್ಟ ಮೇಲೆ, ಕೆಟ್ಟುಹೋಗಿತ್ತು. ಅಂದಿನಿಂದ ಎಲ್ಲ ತಟ್ಟೆಗಳೂ ನೆಸ್ಟಾಳ ಮನೆಗೆ ಬರುತ್ತಿದ್ದವು. ತೊಳೆದು ಬಂದಿರಲಿ, ಎಂಜಲಾಗಿ ಬಂದಿರಲಿ, ಇಪ್ಪತ್ತೆರಡನ್ನೂ ಕುದಿಯುವ ನೀರಿನಲ್ಲಿ ಇನ್ನೊಮ್ಮೆ ತೊಳೆಯಲೇಬೇಕೆಂಬುದು ಇಲಾಖೆಯ ನಿಯಮ. ಕೈನ್ವೆನ್ ಕೋಲೂರಿ ನಿಂತು ತೊಳೆದ ಪ್ರತಿ ತಟ್ಟೆಯನ್ನೂ ನೆಸ್ಟಾ ಮುಂದಿನ ಊಟದ ದಿನ ಬೆಳಕು ಹರಿಯುವ ಮುಂಚೆ ಮತ್ತೆ ತೊಳೆದಿದ್ದಳು. ಅದನ್ನು ಅವಳು ಹೇಳಲಿಲ್ಲ. ಆಗಸ್ಟ್‌ನಲ್ಲಿ ಕೈನ್ವೆನ್ ಸಾಯುವವರೆಗೂ ಹೇಳಲಿಲ್ಲ. ಮಣ್ಣು ಮಾಡಿ ಬಂದ ಜನ ಚಾಪೆಲಿನ ಹಾಲಿನಲ್ಲಿ ಕೂತು ಚಹಾ ಕುಡಿದು ಹೋದ ಮೇಲೆ ಎಂಬತ್ತು ಕಪ್ಪು ತೊಳೆಯಲು ನಿಂತಾಗ, ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ಇರಬೇಕಾದವಳ ಕಡೆಗೆ ಎರಡು ಸಲ ಕಪ್ಪು ಚಾಚಿದಳು.

ಸೆಪ್ಟೆಂಬರಿನಲ್ಲಿ ಲೌರಿ ಕುಣಿಯುತ್ತ ಬಂದಳು. ತಟ್ಟೆಯ ಪದ್ಧತಿಯನ್ನು ಇನ್ನೂ ನಾಲ್ಕು ಕಣಿವೆಗಳಲ್ಲಿ ಶುರುಮಾಡುತ್ತಾರಂತೆ, ದೊಡ್ಡ ಸಭೆಯಂತೆ, ನೆಸ್ಟಾ ನಾಲ್ಕು ಮಾತಾಡಬೇಕಂತೆ.

"ನೀವೇ ಕಂಡುಹಿಡಿದಿದ್ದು ಆಂಟಿ ನೆಸ್ಟಾ! ಒಂಬತ್ತು ಜನರನ್ನ ಸಕಾಲಕ್ಕೆ ಹಿಡಿದಿದೀವಿ. ಒಂಬತ್ತು!"

ನೆಸ್ಟಾ ಹಳೆಯ ಫಾರಮ್ಮುಗಳ ಕಟ್ಟು ತಂದು ಮೇಜಿನ ಮೇಲಿಟ್ಟಳು. ಎರಡು ವಾರದಿಂದ ಅದನ್ನು ತಿರುವಿ ಹಾಕುತ್ತಿದ್ದಳು.

"ಆ ಒಂಬತ್ತು ಹೆಸರು ಓದಮ್ಮ."

ಲೌರಿ ಓದಿದಳು. "ಹೇಡನ್, ಟ್ರೆವರ್, ಗೋಮರ್, ಆಲ್ವಿನ್..." ಐದನೆಯ ಹೆಸರಿಗೆ ಅವಳ ದನಿ ನಿಧಾನವಾಯಿತು. ಒಂಬತ್ತನೆಯದಕ್ಕೆ ನಿಂತಿತು. "ಎಲ್ಲಾ ಗಂಡಸರೇ."

"ಇಪ್ಪತ್ತೆರಡು ಮನೇಲಿ ಹದಿಮೂರು ಮನೆ ಹೆಂಗಸರದ್ದು. ನಾಲ್ಕು ವರ್ಷದ ಫಾರಂ ಇದು. ಒಬ್ಬಳದ್ದೂ ಒಂದು ಸಲವೂ ಮಿಕ್ಕಿಲ್ಲ. ಒಂದೇ ಒಂದು ಬಟಾಣಿ ಕೂಡ. ಅಷ್ಟು ಚೆನ್ನಾಗಿದ್ಯಾ ನನ್ನ ಅಡುಗೆ?"

ಲೌರಿ ಹಾಳೆಗಳನ್ನು ಒಂದೊಂದಾಗಿ ತಿರುವಿದಳು.

"ಗಂಡಸರು ತಟ್ಟೆ ತೊಳೆಯಲ್ಲ, ಅದಕ್ಕೇ ಬದುಕಿದ್ರು. ನಾವು ತೊಳೀತೀವಿ. ನಾನೂ ಹೆಂಗಸೇ, ನಂಗೇ ಇದು ಹೊಳೀಲಿಲ್ಲ ನೋಡು."

"ಆದ್ರೂ ಆಂಟಿ, ಒಂಬತ್ತು ಜನ ಉಳಿದ್ರಲ್ಲ. ಅದು ಸುಳ್ಳಲ್ವಲ್ಲ."

"ಸುಳ್ಳಲ್ಲ. ಆದ್ರೆ ಸಭೇಲಿ ನಾನು ಮಾತಾಡಲ್ಲ. ಅದನ್ನ ಸರಿ ಮಾಡಿ, ಆಮೇಲೆ ಬೇಕಾದ್ರೆ ಕರೀರಿ."

ಸರಿ ಮಾಡುವುದು ಸುಲಭವೆಂದು ಇಬ್ಬರಿಗೂ ಅನ್ನಿಸಿತ್ತು. ಪ್ರತಿ ಮನೆಯೊಳಗೂ ಹೋಗೋಣವೆಂದರೆ ಇರುವ ಕೈಗಳು ಸಾಲವು. ತಟ್ಟೆ ತೊಳೆಯಬೇಡಿ ಎಂದರೆ ಆಯಿತಲ್ಲ! ಫಾರಂ ಅದೇ, ಪದ್ಧತಿ ಅದೇ. ಶುಕ್ರವಾರದ ಊಟದ ಹೊತ್ತಿಗೆ ನೆಸ್ಟಾ ಚಾಪೆಲಿನ ಹಾಲಿನ ಮಧ್ಯೆ ನಿಂತು ಸೌಟಿನಿಂದ ಪಾತ್ರೆ ಬಡಿದಳು. ಮನೆಗೆ ತಟ್ಟೆ ತರಿಸಿಕೊಳ್ಳುವ ಕೆಲವರನ್ನೂ ಅಂದು ವ್ಯಾನಿನಲ್ಲಿ ಕರೆತಂದಿದ್ದರು.

"ಇವತ್ತಿಂದ ಯಾರೂ ತಟ್ಟೆ ತೊಳೀಬೇಡಿ. ತಿಂದು ಹಾಗೇ ಇಡಿ. ಮಿಕ್ಕಿದ್ರೆ ಮಿಕ್ಕಿದ ಹಾಗೇ."

ಗಂಡಸರ ಮೇಜಿನಿಂದ ಹೇಡನ್ ಚಪ್ಪಾಳೆ ತಟ್ಟಿದ. "ನಾನು ಮೊದ್ಲಿಂದ್ಲೂ ಈ ನಿಯಮ ಪಾಲಿಸ್ತಿದೀನಿ!"

ಹೆಂಗಸರ ಮೇಜಿನಲ್ಲಿ ಚಮಚಗಳು ನಿಂತವು. ತೊಂಬತ್ತು ದಾಟಿದ ಹಿಲ್ಡಾ ಪ್ಯಾರಿ ಕನ್ನಡಕ ತೆಗೆದಳು.

"ಏನಂದೆ ನೆಸ್ಟಾ? ಎಂಜಲು ತಟ್ಟೇನ ಹೊರಗಡೆ ಇಡೋದಾ? ಗಲ್ಲೀಲಿ ಓಡಾಡೋರಿಗೆಲ್ಲ ಕಾಣೋ ಹಾಗೆ?"

"ಹೌದು ಹಿಲ್ಡಮ್ಮ. ಆರೋಗ್ಯಕ್ಕೆ."

"ನಮ್ಮಮ್ಮ ಗೋರಿಯಿಂದ ಎದ್ದು ಬಂದು ಕಪಾಳಕ್ಕೆ ಬಾರಿಸ್ತಾಳೆ. ನಿಮ್ಮಮ್ಮ ಬರಲ್ವಾ?"

ಎಲ್ಲರೂ ನಕ್ಕರು. ನೆಸ್ಟಾಳೂ ನಕ್ಕಳು. ನಗು ಇಳಿದ ಮೇಲೆ ಕೈನ್ವೆನ್‌ಳ ಫ್ರೀಜರಿನ ಸಂಗತಿ ಹೇಳಿದಳು. ಒಂದು ಡಬ್ಬಿಯನ್ನೂ ಬಿಡದೆ ಹೇಳಿದಳು. ಹೆಂಗಸರು ಮೇಜಿನ ಬಟ್ಟೆಯ ಅಂಚು ನೋಡುತ್ತ ಕೂತರು. ಇಬ್ಬರು ಕಣ್ಣೊರೆಸಿಕೊಂಡರು. ಆಮೇಲೆ ಎದ್ದು, ತಮ್ಮ ತಮ್ಮ ತಟ್ಟೆ ಎತ್ತಿಕೊಂಡು, ಸಿಂಕಿನ ಮುಂದೆ ಸಾಲು ನಿಂತರು. ಹಿಲ್ಡಾ ಎಲ್ಲರಿಗಿಂತ ಮುಂದೆ.

ಮುಂದಿನ ಮಂಗಳವಾರ ಹದಿಮೂರು ಪೆಟ್ಟಿಗೆಗಳ ಮೇಲೂ ತಟ್ಟೆಗಳು ಹೊಳೆಯುತ್ತಿದ್ದವು. ಶುಕ್ರವಾರವೂ. ಅಕ್ಟೋಬರ್ ಕಳೆದು ನವೆಂಬರ್ ಬಂದರೂ ಒಂದು ಹೆಂಗಸಿನ ತಟ್ಟೆಯಲ್ಲೂ ಒಂದು ಕಲೆ ಉಳಿಯಲಿಲ್ಲ. "ಬೇರೆ ಯಾರಾದ್ರೂ ಶುರು ಮಾಡ್ಲಿ, ಆಮೇಲೆ ನೋಡೋಣ," ಎಂದು ಹಿಲ್ಡಾ ಬಾಗಿಲ ಸಂದಿಯಿಂದ ಹೇಳಿದಳು. "ಮೊದಲನೇದು ನಂದಾಗ್ಬಾರ್ದು."

ನವೆಂಬರಿನ ಒಂದು ಶುಕ್ರವಾರ ನೆಸ್ಟಾ ಐದಕ್ಕೇ ಎದ್ದಳು. ಕಫದ ಬಟ್ಟಲು, ಯಂತ್ರದ ನೀರು, ನಾಲ್ಕು ಮಾತ್ರೆ. ಏಳನೆಯ ಮೆಟ್ಟಿಲಲ್ಲಿ ನಿಂತಳು. ಎದೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದಂತಾಯಿತು. ಬೇಸಿಗೆಯಿಂದ ಅದು ಹಾಗೇ ಇತ್ತು, ಈಗೀಗ ಎಡತೋಳಿಗೂ ಇಳಿಯುತ್ತಿತ್ತು. ಮೇಲಿನ ತುದಿಯಲ್ಲಿ ಮತ್ತೆ ನಿಂತಳು. ಕೆಳಗಿಳಿದು ಆಲೂಗಡ್ಡೆ ಸುಲಿದಳು, ಕೋಸು ಹೆಚ್ಚಿದಳು, ತಟ್ಟೆಗಳಿಗೆ ಕೈ ಹಾಕಿದಳು. ಎಂಟಕ್ಕೆ ಲೌರಿ ಬಂದು ಕ್ರೇಟನ್ನೂ ಫಾರಮ್ಮನ್ನೂ ಒಯ್ಯುತ್ತಾಳೆ.

ಇಪ್ಪತ್ತೆರಡು ತಟ್ಟೆ ತೊಳೆದು ಒರೆಸಿ ಜೋಡಿಸಿದ ಮೇಲೆ ಇನ್ನೊಂದು ಉಳಿದಿತ್ತು. ಅದು ಅವಳದೇ. ಕೈನ್ವೆನ್ ಸತ್ತ ಮೇಲೆ, ಕೂಟದವರು ಸ್ವಯಂಸೇವಕರಿಗೂ ಒಂದೊಂದು ತಟ್ಟೆ ಮನೆಗೆ ಕೊಡಲು ಶುರುಮಾಡಿದ್ದರು. ಆದರೆ ಅವರ ಹೆಸರು ಫಾರಮ್ಮಿನಲ್ಲಿ ಇರಲಿಲ್ಲ; ಊಟ ಕೊಡುವವರು ಉಂಡರೋ ಇಲ್ಲವೋ ಎಂದು ಬರೆಯಲು ಯಾರೂ ಮನೆ ಎಳೆದಿರಲಿಲ್ಲ. ತಟ್ಟೆಯಲ್ಲಿ ಮಂಗಳವಾರದ ಕುರಿಮಾಂಸ ಮೂರು ಹೋಳು ಹಾಗೇ ಇತ್ತು. ಆಲೂಗಡ್ಡೆಗೆ ಫೋರ್ಕ್ ತಾಗಿರಲಿಲ್ಲ. ಗ್ರೇವಿ ಹೆಪ್ಪುಗಟ್ಟಿ ಕೆನೆಗಟ್ಟಿತ್ತು. ಹಿಂದಿನ ಶುಕ್ರವಾರದ್ದನ್ನು ಅವಳು ಒಂದು ಐಸ್‌ಕ್ರೀಮ್ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿ ಇಟ್ಟಿದ್ದಳು. ಹಾಗೆ ಇಡುವಾಗ ಏನೂ ಯೋಚಿಸಿರಲಿಲ್ಲ. ಮೇಲೆ ಪಟ್ಟಿ ಅಂಟಿಸಿ ತಾರೀಖು ಕೂಡ ಬರೆದಿದ್ದಳು.

ನಲ್ಲಿ ತಿರುಗಿಸಿ, ನೀರು ಬಿಸಿಯಾಯಿತೇ ಎಂದು ಬೆರಳು ಹಿಡಿದಳು. ಬಿಸಿಯಾಯಿತು. ತಟ್ಟೆ ಎತ್ತಿ ನೀರಿನ ಹತ್ತಿರ ತಂದಳು. ಅರವತ್ತು ವರ್ಷ ಇದೊಂದನ್ನು ಆ ಕೈ ಕೇಳದೆ, ಹೇಳಿಸಿಕೊಳ್ಳದೆ ಮಾಡಿತ್ತು.

"ನೆಸ್," ಮೇಲಿನಿಂದ ಎಮ್ಲಿನ್ ಕೂಗಿದ. "ಚಹಾ ಆಯ್ತಾ?"

ಅವಳು ನಲ್ಲಿ ನಿಲ್ಲಿಸಿದಳು. ತಟ್ಟೆಯನ್ನು ಕ್ರೇಟಿನ ಎಲ್ಲಕ್ಕಿಂತ ಮೇಲೆ, ತೊಳೆದವುಗಳ ತಲೆಯ ಮೇಲೆ, ಇದ್ದದ್ದು ಇದ್ದ ಹಾಗೇ ಇಟ್ಟಳು. ಅಮ್ಮನ ಕೈ ಕಪಾಳಕ್ಕೆ ಬೀಳುವುದೇನೋ ಎಂಬಂತೆ ಒಂದು ಕ್ಷಣ ಕಾದಳು. ಆಮೇಲೆ ಪೆನ್ನು ಹುಡುಕಿ, ಫಾರಮ್ಮಿನಲ್ಲಿ ಇಪ್ಪತ್ತೆರಡನೆಯ ಹೆಸರಿನ ಕೆಳಗೆ ಒಂದು ಗೆರೆ ಎಳೆದು ಬರೆದಳು: ನೆಸ್ಟಾ ಪ್ರಾಸರ್.

ಮಿಕ್ಕಿದೆ ಎಂಬ ಮನೆಯಲ್ಲಿ ಗುರುತು ಹಾಕಿದಳು. ಒಂದು ಸಲಕ್ಕೆ ಯಾರೂ ನರ್ಸ್‌ಗೆ ಹೇಳುವುದಿಲ್ಲ. ಅವಳು ಪುಟ ಹಿಂದಕ್ಕೆ ತಿರುವಿ, ಹಿಂದಿನ ಶುಕ್ರವಾರದ ಊಟದ ಲೆಕ್ಕಕ್ಕೆ, ಮಂಗಳವಾರದ ಹಾಳೆಯ ತಳದಲ್ಲೂ ತನ್ನ ಹೆಸರು ಬರೆದು, ಅಲ್ಲೂ ಒಂದು ಗುರುತು ಹಾಕಿದಳು.

ಹಿಂಬಾಗಿಲು ತೆಗೆದು, ಕ್ರೇಟನ್ನು ಎರಡು ಸಲ ನಿಂತು ಎತ್ತಿ, ಗಲ್ಲಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ ಕಲ್ಲಿದ್ದಲ ಪೆಟ್ಟಿಗೆಯ ಮೇಲಿಟ್ಟಳು. ಬಟ್ಟೆ ಮುಚ್ಚಲಿಲ್ಲ.